"ತಪ್ಪು ಮಾಡದವರಿಗೆ ಭಯ ಯಾಕೆ" ಅಂತ ಕೇಳೋರಿಗೆ ಏನು ಉತ್ತರ ಕೊಡೋದು?

ನೀವು ಕೇಳಿದ್ದು ಇದು: ಮುಖ ಗುರುತು ಹಿಡಿಯೋ ಕ್ಯಾಮೆರಾ, ಫೋನ್ ಚೆಕ್ಕಿಂಗ್, ಲೊಕೇಶನ್ ಟ್ರ್ಯಾಕಿಂಗ್ ಇಂಥಾ ಸುದ್ದಿ ಬಂದಾಗ ಯಾರಾದ್ರೂ ಪ್ರಶ್ನೆ ಎತ್ತಿದ್ರೆ "ತಪ್ಪು ಮಾಡದವರಿಗೆ ಭಯ ಯಾಕೆ" ಅಂತಾರೆ, ಅಷ್ಟಕ್ಕೂ ಸುಮ್ನಾಗದಿದ್ರೆ "ದೇಶದ ಭದ್ರತೆ" ಅಂತಾರೆ, ಅಲ್ಲಿಗೆ ಮಾತು ಖಲಾಸ್, ಫೋನ್ ಪಾಸ್‌ವರ್ಡ್ ಕೇಳಿದ್ರೆ ಕೊಡ್ಲೇಬೇಕಾ ಅನ್ನೋದೂ ಗೊತ್ತಿಲ್ಲ, ಇದಕ್ಕೆಲ್ಲ ಏನಾದ್ರೂ ಸರಿಯಾದ ಉತ್ತರ ಇದ್ಯಾ ಅಂತ.

ಇದೆ. ನಾನು ಲಾಯರ್ ಗೀಯರ್ ಏನಲ್ಲ, ಕಾರವಾರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಕೊಂಡಿರೋನು. ಆದ್ರೆ ಈ ವಾದ ಮಾಡೋಕೆ ನಮ್ಮೂರಿನಷ್ಟು ಸರಿಯಾದ ಜಾಗ ಸಿಗೋದು ಕಷ್ಟ ಮಾರಾಯ್ರೆ. ಇಲ್ಲಿ ಭದ್ರತೆ ಅಂದ್ರೆ ಟಿವಿ ಸ್ಟುಡಿಯೋದ ಕೂಗಾಟ ಅಲ್ಲ, ಬಿಣಗಾ ದಾಟಿ ಅರ್ಗಾ ಕಡೆ ಬೈಕ್ ಓಡಿಸಿದ್ರೆ ಹೈವೇ ಪಕ್ಕದಲ್ಲೇ ಸೀಬರ್ಡ್ ನೌಕಾನೆಲೆಯ ಕಾಂಪೌಂಡು. 1986ರಲ್ಲಿ ರಾಜೀವ್ ಗಾಂಧಿ ಬಂದು ಅಡಿಗಲ್ಲು ಹಾಕಿದ್ರು, 2005ರಲ್ಲಿ ಐಎನ್‌ಎಸ್ ಕದಂಬ ಅನ್ನೋ ಹೆಸರಲ್ಲಿ ಆ ನೆಲೆ ಶುರುವಾಯ್ತು, ಈ ಮಧ್ಯೆ ಕಾರವಾರ ಅಂಕೋಲಾ ಕಡೆಯ ಸಾವಿರಾರು ಕುಟುಂಬ ಮನೆ, ಗದ್ದೆ, ದೋಣಿ ಎಳೆಯೋ ದಂಡೆ ಎಲ್ಲ ಬಿಟ್ಟು ಎದ್ದು ಹೋದ್ವು, ಪರಿಹಾರದ ಕೇಸುಗಳು ದಶಕಗಟ್ಲೆ ಎಳೆದ್ವು. ಸೀಬರ್ಡ್ ನಿರಾಶ್ರಿತರು ಅನ್ನೋ ಮಾತು ಗೊತ್ತಿಲ್ದೇ ಇರೋರು ಈ ಕಡೆ ಯಾರೂ ಇಲ್ಲ. ಹಾಗಾಗಿ ದೇಶಕ್ಕೆ ಕೆಲವು ಗುಟ್ಟು ಇರ್ಬೇಕು, ಕಾವಲು ಇರ್ಬೇಕು ಅಂತ ನಮಗೆ ಯಾರೂ ಪಾಠ ಹೇಳೋದು ಬೇಡ, ಅದಕ್ಕೆ ಬೆಲೆ ತೆತ್ತವರೇ ನಮ್ಮೋರು.

ಈಗ "ನಂದೇನೂ ಮುಚ್ಚಿಡೋದಿಲ್ಲ" ಅನ್ನೋರ ವಿಷ್ಯಕ್ಕೆ ಬರೋಣ. ಡಿಸ್‌ಪ್ಲೇ ಒಡೆದ ಫೋನ್ ತರ್ತಾರೆ, ಹೊಸ ಕಾಂಬೋ ಹಾಕಿ ಆದ್ಮೇಲೆ ಟಚ್ ನಾಲ್ಕೂ ಮೂಲೆಲಿ ಸರಿ ಹೊಡಿತದಾ ನೋಡ್ಬೇಕು, ಒಂದು ಐಕಾನ್ ಹಿಡ್ಕೊಂಡು ಸ್ಕ್ರೀನ್ ತುಂಬಾ ಎಳೀಬೇಕು, ಒಂದು ಕಾಲ್ ಮಾಡಿ ಕಿವಿ ಹತ್ರ ತಂದಾಗ ಲೈಟ್ ಆಫ್ ಆಗ್ತದಾ ನೋಡ್ಬೇಕು, ಇದಕ್ಕೆಲ್ಲ ಲಾಕ್ ತೆಗೀಬೇಕಲ್ವಾ, ಪ್ಯಾಟರ್ನ್ ಹೇಳಿ ಅಂದ್ರೆ "ಕೊಡಿ ಕೊಡಿ, ನಾನೇ ಹಾಕ್ತೆ" ಅಂತ ಫೋನ್ ಇಸ್ಕೊಂಡು ಗೋಡೆ ಕಡೆ ತಿರುಗಿ ಹಾಕಿ ಕೊಡ್ತಾರೆ. ಕೊಟ್ಟ ಮೇಲೂ ಕುರ್ಚಿಲಿ ಕೂರಲ್ಲ, ಕೌಂಟರ್ ಮೇಲೆ ಬಗ್ಗಿ ನನ್ನ ಬೆರಳು ಎಲ್ಲೆಲ್ಲಿ ಹೋಗ್ತದೆ ಅಂತ ಕಣ್ಣು ಮಿಟುಕಿಸದೆ ನೋಡ್ತಾರೆ. ಸ್ವಲ್ಪ ಹೊತ್ತಿನ ಮುಂಚೆ ಅದೇ ಅಂಗಡಿಲಿ ನಿಂತು ಪೇಪರ್ ಓದ್ತಾ "ಎಲ್ಲರ ಫೋನೂ ಪೊಲೀಸ್ರ ಕೈಗೆ ಸಿಗೋ ಹಾಗಾಗ್ಬೇಕು, ಆಗ ಸರಿ ಹೋಗ್ತದೆ ದೇಶ" ಅಂದಿರೋ ಮನುಷ್ಯನೇ ಇರ್ತಾನೆ. ನಾನು ಅವ್ರನ್ನ ತಮಾಷೆ ಮಾಡ್ತಿಲ್ಲ. ಆ ಫೋನಲ್ಲಿ ಏನಿರ್ತದೆ? ಮಗಳ ಮದುವೆ ಮಾತುಕತೆ, ಶುಗರ್ ರಿಪೋರ್ಟ್ ಫೋಟೋ, ಸೊಸೈಟಿ ಸಾಲದ ಮೆಸೇಜು, ತಮ್ಮನ ಜೊತೆ ಹಿಸ್ಸೆ ಜಗಳ. ಇದ್ರಲ್ಲಿ ಯಾವ ಸೆಕ್ಷನ್ನಿಗೆ ಬರೋ ಅಪರಾಧ ಇದೆ? ಒಂದೂ ಇಲ್ಲ. ಆದ್ರೂ ಮುಚ್ಚಿಡ್ತಾರೆ, ಮುಚ್ಚಿಡ್ಲೇಬೇಕು.

ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿದ್ದು ಬೈತ್ಕೋಲ್ ಬಂದರಲ್ಲಿ. ನಮ್ಮ ಭಾವ ಬೋಟಿನ ತಾಂಡೇಲ, ಅಂದ್ರೆ ಬೋಟ್ ನಡೆಸೋ ಮುಖ್ಯಸ್ಥ. ಬಂಗಡೆ ಹಿಂಡು ಸಿಕ್ಕಿದ ಜಾಗ ಯಾವ್ದು ಅಂತ ಅಂವ ಪಕ್ಕದ ಬೋಟಿನೋರಿಗೆ ವೈರ್‌ಲೆಸ್ಸಲ್ಲೂ ಹೇಳಲ್ಲ, ಕೇಳಿದ್ರೆ "ಏನಿಲ್ಲ, ಬರೀ ನೀರು" ಅಂತಾನೆ, ಆ ಜಾಗ ಅವನ ದುಡಿಮೆ, ಜಿಪಿಎಸ್‌ನಲ್ಲಿ ಸೇವ್ ಮಾಡಿದ ಪಾಯಿಂಟೇ ಅವನ ಆಸ್ತಿ. ಈಗ ಸರ್ಕಾರ ಮೀನುಗಾರಿಕೆ ಬೋಟುಗಳಿಗೆ ಇಸ್ರೋ ತಯಾರು ಮಾಡಿದ ಟ್ರಾನ್ಸ್‌ಪಾಂಡರ್ ಪುಕ್ಕಟೆ ಹಾಕ್ಸೋ ಯೋಜನೆ ತಂದಿದೆ, 2024ರ ಆಗಸ್ಟಲ್ಲಿ ಚಾಲನೆ ಸಿಕ್ತು, ದೇಶದಲ್ಲಿ ಒಟ್ಟು 1 ಲಕ್ಷ ಬೋಟು, 364 ಕೋಟಿ ರೂಪಾಯಿ. ಮೊಬೈಲ್ ರೇಂಜ್ ಇಲ್ಲದ ಕಡೆಯಿಂದಲೂ ಸ್ಯಾಟಲೈಟ್ ಮೂಲಕ ಮೆಸೇಜ್ ಕಳಿಸ್ಬಹುದು, ಅಪಾಯ ಆದ್ರೆ ಬಟನ್ ಒತ್ಬಹುದು, ದಡದಲ್ಲಿರೋರಿಗೆ ಬೋಟ್ ಎಲ್ಲಿದೆ ಅಂತ ಕಾಣ್ತದೆ. ಇದು ಬೇಡ ಅನ್ನೋಕಾಗಲ್ಲ. 2018ರ ಡಿಸೆಂಬರಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು 7 ಜನರ ಸಮೇತ ಕಾಣೆಯಾಯ್ತು, ಅದ್ರಲ್ಲಿ ನಮ್ಮ ಜಿಲ್ಲೆಯೋರೂ ಇದ್ರು, ಅವಶೇಷ ಮಹಾರಾಷ್ಟ್ರದ ಮಾಲ್ವಣ ಹತ್ರ ನೌಕಾಪಡೆಯೋರಿಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಲ್ಲೀವರೆಗೆ ಆ ಮನೆಯೋರು ಹೇಗೆ ದಿನ ದೂಡಿದ್ರು ಅಂತ ಕರಾವಳಿಲಿ ಎಲ್ಲರಿಗೂ ಗೊತ್ತು.

ಹಾಗಾದ್ರೆ ಈ ಟ್ರಾನ್ಸ್‌ಪಾಂಡರ್ ಡಬ್ಬಿ ಒಳ್ಳೇದಾ ಕೆಟ್ಟದ್ದಾ? ಭಾವನ ಹತ್ರ ಕೇಳಿ ನೋಡಿ. ಕೋಸ್ಟ್‌ಗಾರ್ಡಿಗೆ ನನ್ನ ಬೋಟ್ ಕಾಣ್ಲಿ, ಬೇಕಾದ್ರೆ ದಿನದ 24 ತಾಸೂ ಕಾಣ್ಲಿ, ಆದ್ರೆ ನಾನು ಬಲೆ ಬಿಟ್ಟ ಜಾಗ ದೊಡ್ಡ ಬೋಟಿನ ಸಾವ್ಕಾರನ ಫೋನಿಗೆ ಹೋಗ್ಬಾರ್ದು, ಅಂತಾನೆ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ ನೋಡಿ. ಭಯ ಇದ್ಯಾ ಇಲ್ವಾ ಅನ್ನೋದನ್ನ ಬಿಟ್ಟಾಕಿ. ನನ್ನ ಮಾಹಿತಿ ಯಾರ ಕೈಲಿ ಇರ್ತದೆ, ಯಾವ ಕೆಲಸಕ್ಕೆ ಅಂತ ತಗೊಂಡ್ರು, ಎಷ್ಟು ದಿನ ಇಟ್ಕೊಳ್ತಾರೆ, ಬೇರೆಯೋರಿಗೆ ಕೊಟ್ರೆ ಯಾರ ಕುತ್ತಿಗೆ ಹಿಡೀಬೇಕು? ಬ್ಯಾಂಕಲ್ಲಿ ದುಡ್ಡಿಟ್ಟು ಪಾಸ್‌ಬುಕ್ ಕೇಳಿದ್ರೆ "ನಿಂಗೆ ಬ್ಯಾಂಕ್ ಮೇಲೆ ನಂಬಿಕೆ ಇಲ್ವಾ" ಅಂತ ಯಾರೂ ಬಯ್ಯಲ್ಲ ಅಲ್ವಾ, ಇಲ್ಲಿ ಮಾತ್ರ ಲೆಕ್ಕ ಕೇಳಿದೋನು ಕಳ್ಳ.

ಇನ್ನೊಂದು, ತಪ್ಪು ಮಾಡದೇ ಇದ್ರೂ ಮಷೀನು ತಪ್ಪು ಮಾಡ್ತದೆ, ಮಷೀನಿಗಿಂತ ಜಾಸ್ತಿ ಅದನ್ನ ನೋಡೋ ಜನ ತಪ್ಪು ಮಾಡ್ತಾರೆ. ಇದಕ್ಕೆ ನಮ್ಮೂರಲ್ಲೇ ಒಂದು ಚಂದದ ಪ್ರಸಂಗ ಆಗಿತ್ತು. 2024ರ ನವೆಂಬರಲ್ಲಿ ಕೋಡಿಬಾಗ ಕಡೆ ಒಂದು ರಣಹದ್ದು ಕಾಣಿಸ್ಕೊಳ್ತು, ಬೆನ್ನ ಮೇಲೆ ಜಿಪಿಎಸ್ ಡಬ್ಬಿ. ನೌಕಾನೆಲೆ ಪಕ್ಕ, ಹದ್ದು, ಡಬ್ಬಿ, ಇಷ್ಟು ಸಾಕಲ್ವಾ, ಗೂಢಚಾರಿ ಹಕ್ಕಿ ಅಂತ ಸುದ್ದಿ ಹಬ್ಬೇ ಹೋಯ್ತು. ಅರಣ್ಯ ಇಲಾಖೆಯೋರು ನೋಡಿದ್ರೆ ಅದು ಮಹಾರಾಷ್ಟ್ರದ ತಾಡೋಬಾ ಕಾಡಿಂದ ಸಂಶೋಧನೆಗೆ ಬಿಟ್ಟ ಹದ್ದು, ಪಾಪ ಸತ್ತ ದನ ಹುಡುಕ್ಕೊಂಡು ಇಲ್ಲೀವರೆಗೆ ಬಂದಿತ್ತೋ ಏನೋ. 2025ರ ಡಿಸೆಂಬರಲ್ಲಿ ಟಾಗೋರ್ ಬೀಚ್ ಹತ್ರ ಒಂದು ಕಡಲಕ್ಕಿ ಸಿಕ್ತು, ಅದರ ಡಬ್ಬಿ ಮೇಲೆ ಚೀನಾದ ವಿಜ್ಞಾನ ಸಂಸ್ಥೆ ಹೆಸರು, ಮತ್ತೆ ಅದೇ ಗಲಾಟೆ. ಹಿಡಿದು ಪರೀಕ್ಷೆ ಮಾಡಿದ್ದು ನೂರಕ್ಕೆ ನೂರು ಸರಿ, ನೌಕಾನೆಲೆ ಪಕ್ಕದ ಊರಲ್ಲಿ ಮಾಡದೇ ಬಿಟ್ರೆ ಅದು ಬೇಜವಾಬ್ದಾರಿ. ನಂಗೆ ಸಿಟ್ಟು ಬರೋದು ಪರೀಕ್ಷೆಗೂ ಮುಂಚೆ ತೀರ್ಪು ಕೊಟ್ಟು ಮುಗಿಸೋರ ಮೇಲೆ. ಹಕ್ಕಿ ಆದ್ರೆ ಹಾರಿ ಹೋಗ್ತದೆ. ಅದೇ ಜಾಗದಲ್ಲಿ ಒಬ್ಬ ಮನುಷ್ಯ ಇದ್ದಿದ್ರೆ?

ಇದ್ದ. ಅಮೆರಿಕಾದ ಡೆಟ್ರಾಯ್ಟಲ್ಲಿ ರಾಬರ್ಟ್ ವಿಲಿಯಮ್ಸ್ ಅಂತ. ವಾಚ್ ಅಂಗಡಿ ಕಳ್ಳತನದ ಮಸುಕು ಸಿಸಿಟಿವಿ ಫೋಟೋನ ಕಂಪ್ಯೂಟರ್ ಇವನ ಹಳೇ ಡ್ರೈವಿಂಗ್ ಲೈಸೆನ್ಸ್ ಫೋಟೋಕ್ಕೆ ಹೊಂದಿಸ್ತು, 2020ರ ಜನವರಿಲಿ ಮನೆ ಮುಂದೆ ಹೆಂಡತಿ ಮಕ್ಕಳ ಎದುರೇ ಕೋಳ ಹಾಕಿ ಎಳ್ಕೊಂಡು ಹೋದ್ರು, ಸುಮಾರು 30 ತಾಸು ಒಳಗಿಟ್ರು. ಅಂವ ಕದ್ದೇ ಇರ್ಲಿಲ್ಲ. ಕೋರ್ಟಿಗೆ ಹೋಗಿ 2024ರಲ್ಲಿ ರಾಜಿ ಆಗಿ, ಬರೀ ಫೇಸ್ ಮ್ಯಾಚ್ ನಂಬಿ ಯಾರನ್ನೂ ಅರೆಸ್ಟ್ ಮಾಡೋ ಹಾಗಿಲ್ಲ ಅಂತ ಅಲ್ಲಿನ ಪೊಲೀಸ್ರು ಒಪ್ಕೊಳ್ಬೇಕಾಯ್ತು. ನಮ್ಮಲ್ಲಿ ಆರ್‌ಟಿಐ ಉತ್ತರದಲ್ಲಿ ದೆಹಲಿ ಪೊಲೀಸರೇ ಹೇಳಿದ ಪ್ರಕಾರ 80 ಪರ್ಸೆಂಟ್ ಮೇಲೆ ಹೋಲಿಕೆ ಬಂದ್ರೆ ಅದು ಪಾಸಿಟಿವ್ ಮ್ಯಾಚ್. 80 ಅಂದ್ರೆ ಎಸ್‌ಎಸ್‌ಎಲ್‌ಸಿಲಿ ಫಸ್ಟ್ ಕ್ಲಾಸ್ ಇರ್ಬಹುದು, ಒಬ್ಬನ್ನ ಜೈಲಿಗೆ ಕಳ್ಸೋಕೆ ಅದು ಸಾಕಾ ನೀವೇ ಹೇಳಿ.

ಭದ್ರತೆ ವಾದಕ್ಕೆ ವಾಪಸ್ ಬರ್ತೇನೆ, ಯಾಕಂದ್ರೆ ಅದು ಟೊಳ್ಳು ವಾದ ಅಲ್ಲ. 2025ರ ಫೆಬ್ರವರಿಲಿ ನೌಕಾನೆಲೆ ಮಾಹಿತಿ ಪಾಕಿಸ್ತಾನದ ಕಡೆಯೋರಿಗೆ ಕೊಟ್ಟ ಆರೋಪದ ಮೇಲೆ ಎನ್‌ಐಎಯೋರು ನಮ್ಮ ಜಿಲ್ಲೆಯಿಂದ ಇಬ್ಬರನ್ನ ಹಿಡಿದ್ರು. ಆರೋಪ ಏನು? ಸೋಶಿಯಲ್ ಮೀಡಿಯಾದಲ್ಲಿ ಹುಡುಗಿ ಹೆಸರಲ್ಲಿ ಸ್ನೇಹ, ಆಮೇಲೆ ದುಡ್ಡು, ಆಮೇಲೆ ಫೋಟೋ. ಸಾಬೀತಾಗ್ಬೇಕಾದ್ದು ಕೋರ್ಟಲ್ಲಿ, ಅದಿರ್ಲಿ. ಆದ್ರೆ ತನಿಖೆ ಹೇಗೆ ನಡೀತು ನೋಡಿ, ಒಂದು ಕೇಸು ಇತ್ತು, ಅನುಮಾನಕ್ಕೆ ಕಾರಣ ಇತ್ತು, ನಿರ್ದಿಷ್ಟ ಜನರ ಹಿಂದೆ ಹೋದ್ರು. ಮೇನ್ ರೋಡಲ್ಲಿ ತರಕಾರಿ ತಗೊಳ್ಳೋ ಎಲ್ಲರ ಮುಖ ಸ್ಕ್ಯಾನ್ ಮಾಡಿದ್ರೆ ಇಂಥಾ ಫೇಸ್‌ಬುಕ್ ಸ್ನೇಹ ಗೊತ್ತಾಗ್ತಿತ್ತಾ? ನಂಗಂತೂ ಅನ್ಸಲ್ಲ. ಇನ್ನು "ಭದ್ರತೆ ಅಂದ್ಮೇಲೆ ಕೋರ್ಟೂ ಕೇಳ್ಬಾರ್ದು" ಅನ್ನೋರಿಗೆ ಫೋನೊಳಗೆ ಗುಟ್ಟಾಗಿ ನುಗ್ಗೋ ಪೆಗಾಸಸ್ ಅನ್ನೋ ಬೇಹುಗಾರಿಕೆ ಸಾಫ್ಟ್‌ವೇರಿನ ಕೇಸ್ ತೋರಿಸಿ, 2021ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ ಸರಿಯಾಗೇ ಹೇಳ್ತು, ರಾಷ್ಟ್ರೀಯ ಭದ್ರತೆ ಅಂತ ಹೆಸರೆತ್ತಿದ ಮಾತ್ರಕ್ಕೆ ಸರ್ಕಾರಕ್ಕೆ ಪ್ರತಿ ಸಲ ಫ್ರೀ ಪಾಸ್ ಸಿಗಲ್ಲ ಅಂತ.

ಕಾನೂನು ಹಾಗಾದ್ರೆ ಪೂರ್ತಿ ನಮ್ಮ ಕಡೆ ಇದ್ಯಾ? ಇಲ್ಲ, ಇಲ್ಲಿ ಸುಳ್ಳು ಧೈರ್ಯ ಹೇಳಲ್ಲ ನಾನು. ಪ್ರೈವೆಸಿ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ 9 ಜಡ್ಜ್‌ಗಳು ಒಂದೇ ದನಿಲಿ ಹೇಳಿದ್ರು, ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಕೆ.ಎಸ್. ಪುಟ್ಟಸ್ವಾಮಿಯವರು, 86ನೇ ವಯಸ್ಸಲ್ಲಿ. ಈ ಮೂಲಭೂತ ಹಕ್ಕಿನಲ್ಲಿ ಸರ್ಕಾರ ಕೈ ಹಾಕ್ಬೇಕಂದ್ರೆ ಒಂದು ಕಾನೂನು ಇರ್ಬೇಕು, ಸರಿಯಾದ ಉದ್ದೇಶ ಇರ್ಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಕೈ ಹಾಕ್ಬೇಕು, ಇದು ಆ ತೀರ್ಪಿನ ತಿರುಳು. ಆದ್ರೆ 2023ರಲ್ಲಿ ಬಂದ ಡೇಟಾ ಸಂರಕ್ಷಣೆ ಕಾಯ್ದೆಲಿ ಖಾಸಗಿ ಕಂಪನಿಗೆ 250 ಕೋಟಿವರೆಗೆ ದಂಡ ಇದೆ, ಕೇಂದ್ರ ಸರ್ಕಾರ ಭದ್ರತೆ ಕಾರಣಕ್ಕೆ ತನ್ನ ಯಾವ ಸಂಸ್ಥೆನ ಬೇಕಾದ್ರೂ ಅದರಿಂದ ಹೊರಗಿಡಬಹುದು ಅಂತ 17ನೇ ಸೆಕ್ಷನ್ನಲ್ಲಿ ಬಾಗಿಲೂ ಇದೆ. ವಾದ ಮಾಡೋದಿದ್ರೆ ಈ ಬಾಗಿಲ ಬಗ್ಗೆ ಮಾಡಿ, "ಸರ್ಕಾರ ನಮ್ಮನ್ನ ನೋಡ್ತಿದೆ" ಅಂತ ಸುಮ್ನೆ ಕಿರುಚಿದ್ರೆ ಎದುರಿನೋನಿಗೆ ನಗೋಕೆ ಸುಲಭ ಆಗ್ತದೆ.

ಫೋನ್ ಪಾಸ್‌ವರ್ಡ್ ಬಗ್ಗೆನೂ ಕೇಳಿದ್ರಿ. ಸಂವಿಧಾನದ 20(3)ರ ಪ್ರಕಾರ ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳ್ಬೇಕು ಅಂತ ಒತ್ತಾಯ ಮಾಡೋ ಹಾಗಿಲ್ಲ, ಇದೇ ಆಧಾರದ ಮೇಲೆ 2010ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಇಲ್ಲದ ಮಂಪರು ಪರೀಕ್ಷೆ ಬೇಡ ಅಂತು, ಅದೂ ಕರ್ನಾಟಕದ್ದೇ ಕೇಸು. ಪಾಸ್‌ವರ್ಡಿಗೂ ಹಾಗೇ ಅಂತ ಬಹಳ ಜನ ಬರೀತಾರೆ, ಆದ್ರೆ ನಮ್ಮ ಹೈಕೋರ್ಟ್ 2021ರಲ್ಲಿ ವೀರೇಂದ್ರ ಖನ್ನಾ ಕೇಸಲ್ಲಿ ಪಾಸ್‌ವರ್ಡ್ ಕೊಡೋದು ಸಾಕ್ಷಿ ಹೇಳಿದ ಹಾಗಲ್ಲ, ಸರ್ಚ್ ವಾರಂಟ್ ತಗೊಂಡು ತೆಗೆಸ್ಬಹುದು ಅಂತ ಹೇಳಿದೆ. ಜೊತೆಗೆ ಆ ಫೋನಲ್ಲಿ ಸಿಕ್ಕಿದ್ದನ್ನ ಕೋರ್ಟ್ ಒಪ್ಪಿಗೆ ಇಲ್ದೇ ಮೂರನೇಯವರಿಗೆ ಕೊಡೋ ಹಾಗಿಲ್ಲ ಅಂತನೂ ಹೇಳಿದೆ, ಇದನ್ನ ಮಾತ್ರ ಯಾರೂ ನೆನಪಿಟ್ಕೊಳ್ಳಲ್ಲ. ದೆಹಲಿಲಿ ಒಂದು ಸಿಬಿಐ ಕೋರ್ಟ್ 2022ರಲ್ಲಿ ಉಲ್ಟಾ ಹೇಳ್ತು, ಅಂದ್ರೆ ಕಡೇ ಮಾತು ಇನ್ನೂ ಆಗಿಲ್ಲ.

ಹಾಗಾಗಿ ರಸ್ತೇಲಿ ನಿಲ್ಸಿ ಯಾರಾದ್ರೂ ಫೋನ್ ಕೊಡು ಅಂದ್ರೆ ಜಗಳಕ್ಕೆ ಇಳೀಬೇಡಿ, ಯಾವ ಕೇಸು, ಲಿಖಿತ ನೋಟಿಸ್ ಇದ್ಯಾ ಅಂತ ಮೆತ್ತಗೆ ಕೇಳಿ. ವಶಕ್ಕೆ ತಗೊಂಡ್ರು ಅಂದ್ರೆ ಜಪ್ತಿ ಪಟ್ಟಿ ಕಾಪಿ ಕೇಳಿ, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು, ಅಂದ್ರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಪ್ರಕಾರ ಶೋಧ ಮತ್ತೆ ಜಪ್ತಿನ ವಿಡಿಯೋ ಮಾಡ್ಲೇಬೇಕು, ಅದನ್ನೂ ನೆನಪು ಮಾಡಿ. ಪಟ್ಟಿಲಿ "ಒಂದು ಕಪ್ಪು ಬಣ್ಣದ ಮೊಬೈಲ್" ಅಂತ ಬರೆದು ಬಿಟ್ಟಿದ್ರೆ ಪ್ರತಿ ಫೋನಿಗೂ ಬೇರೆ ಬೇರೆ ಇರೋ ಐಎಂಇಐ ನಂಬರ್ ಹಾಕ್ಸಿ, ಡ್ಯುಯಲ್ ಸಿಮ್ ಆದ್ರೆ ಎರಡು ಇರ್ತದೆ, ಎರಡೂ ಹಾಕ್ಸಿ. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದ್ರೆ ಬರ್ತದೆ, ಇವತ್ತೇ ಒತ್ತಿ ಮನೆ ಕ್ಯಾಲೆಂಡರ್ ಹಿಂದೆ ಬರೆದಿಡಿ, ಫೋನ್ ಕಳೆದು ಹೋದ್ರೂ ಅದೇ ನಂಬರ್ ಬೇಕಾಗ್ತದೆ.