ಪಾಸ್‌ಪೋರ್ಟಿಗಾಗಿ ಅಪ್ಪನ ಹೆಸರು ಬದಲಿಸಬೇಡ

ಜಮಖಂಡಿಯ ತಂಗಿಗೆ,

ನಿನ್ನ ಪತ್ರ ಬಂತು. ಅಕ್ಕ ಅಂತ ಕರೆದಿದ್ದೀಯ, ಅದಕ್ಕೇ ನೀನು ಅಂತಲೇ ಬರೆಯುತ್ತೇನೆ. ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಇನ್ನೂ ವರ್ಷ ಆಗಿಲ್ಲ, ಆಗಲೇ ಇಷ್ಟು ಚಿಂತೆ. ನಿನ್ನ ಪಾಸ್‌ಪೋರ್ಟ್ ಮುಂದಿನ ವರ್ಷ ಮುಗಿಯುತ್ತದೆ. ಅದರಲ್ಲಿ ನಿಮ್ಮ ಅಪ್ಪನ ಹೆಸರಿನ ಕೊನೆಯ ‘ಅಪ್ಪ’ ಬಿಟ್ಟುಹೋಗಿದೆ. ಜನನ ಪ್ರಮಾಣಪತ್ರ ಮಹಾರಾಷ್ಟ್ರದ ಮಿರಜ್‌ನದು, ಮರಾಠಿಯಲ್ಲಿದೆ, ಹೆಸರಿನ ಜಾಗ ಖಾಲಿ ಇದೆ. ಹೊಟ್ಟೆಯಲ್ಲಿ ಕೂಸು ಬೇರೆ. ‘ಯಾವ ಯಾವ ಕಾಗದ ಕೂಡಿಸಬೇಕು, ಎಲ್ಲಾ ಇಲ್ಲಿಂದಲೇ ಆಗುತ್ತದಾ, ಊರಿಗೆ ಹೋಗಬೇಕಾ? ಅಪ್ಪ ತಮ್ಮ ಆಧಾರ್‌ನಲ್ಲೇ ಹೆಸರು ಬದಲಿಸಿಬಿಡುತ್ತೇನೆ ಅನ್ನುತ್ತಿದ್ದಾರೆ, ಹೂಂ ಅನ್ನಲಾ?’ ಅಂತ ಕೇಳಿದ್ದೀಯ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಬೇಡ. ಇವತ್ತೇ ಫೋನ್ ಮಾಡಿ ಅವರನ್ನು ತಡೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸುಲಭದ್ದನ್ನು ಮೊದಲು ಮುಗಿಸೋಣ. ಅವಧಿ ಮುಗಿಯುವ ಪಾಸ್‌ಪೋರ್ಟನ್ನು ಹಾಗೆಯೇ ಹೊಸದು ಮಾಡಿಸುವುದಕ್ಕೆ ಊರಿನ ಕಾಗದ ಜಾಸ್ತಿ ಬೇಕಾಗುವುದಿಲ್ಲ. ಹಳೆ ಪಾಸ್‌ಪೋರ್ಟ್, ಇ-ವೀಸಾದ ಪ್ರತಿ, ಮನೆ ವಿಳಾಸಕ್ಕೆ ಕೌನ್ಸಿಲ್ ಟ್ಯಾಕ್ಸ್ ಬಿಲ್ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್, ಫೋಟೋ. ಪೂರ್ತಿ ಪಟ್ಟಿ ಭಾರತದ ಹೈಕಮಿಷನ್ ವೆಬ್‌ಸೈಟ್‌ನಲ್ಲಿ ಇರುತ್ತದೆ. ಅದು ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ವಾರದಲ್ಲೇ ನೋಡಿಕೋ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಹೊಸದು ಕೈಗೆ ಬಂದ ಮೇಲೆ ಯುಕೆವಿಐ (ಇಲ್ಲಿನ ವೀಸಾ ಇಲಾಖೆ) ಆನ್‌ಲೈನ್ ಖಾತೆಯಲ್ಲಿ ಹೊಸ ಪಾಸ್‌ಪೋರ್ಟಿನ ನಂಬರ್ ಸೇರಿಸು. ಈಗ ವೀಸಾ ಕಾರ್ಡಿನಲ್ಲಿ ಇಲ್ಲ, ಆ ಖಾತೆಯಲ್ಲಿದೆ. ಇದನ್ನು ಮರೆತು ಊರಿಗೆ ಹೋದವರು ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಒದ್ದಾಡಿದ್ದಾರೆ.

ಜನನ ಪ್ರಮಾಣಪತ್ರದ ಬಗ್ಗೆ ನಿನಗೆ ತುಂಬಾ ಭಯ ಇದೆ ಅನ್ನಿಸಿತು. ಅಷ್ಟು ಭಯ ಬೇಡ. ಒಂದು ಕಾಲದಲ್ಲಿ 1989ರ ಜನವರಿ 26 ಮತ್ತು ಆಮೇಲೆ ಹುಟ್ಟಿದವರೆಲ್ಲ ಪಾಸ್‌ಪೋರ್ಟಿಗೆ ಅದನ್ನೇ ಕೊಡಬೇಕಿತ್ತು. 2016ರ ಡಿಸೆಂಬರ್‌ನಲ್ಲಿ ಅದು ಸಡಿಲವಾಯಿತು. ಶಾಲೆಯ ಟಿಸಿ, ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್, ಪ್ಯಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ಕೂಡ ನಡೆಯುತ್ತವೆ. ಈಗ 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದವರಿಗೆ ಮಾತ್ರ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರ ಒಂದೇ ದಾಖಲೆ. ನಿನ್ನ ಕೂಸು ಆ ಲೆಕ್ಕಕ್ಕೆ ಬರುತ್ತದೆ, ನೀನು ಬರುವುದಿಲ್ಲ.

ಆದರೂ ಮಿರಜ್‌ನ ಕಾಗದ ಸರಿ ಮಾಡಿಸಿಟ್ಟುಕೋ. ಮುಂದೆ ಬೇರೆ ಯಾವುದಕ್ಕೋ ಕೇಳುತ್ತಾರೆ. ಅದರಲ್ಲಿ ಹೆಸರು ಯಾಕಿಲ್ಲ ಅಂತ ನಿನ್ನ ಗಂಡನ ಮನೆಯವರು ಕೇಳಿದರಂತೆ. ಅದರಲ್ಲಿ ನಿಮ್ಮ ತವರಿನವರ ತಪ್ಪೇನೂ ಇಲ್ಲ. ಚೊಚ್ಚಲ ಹೆರಿಗೆ ತವರಲ್ಲಿ. ಕಷ್ಟ ಅಂದರೆ ಅಥಣಿ, ಜಮಖಂಡಿ ಕಡೆಯವರು ಮಿರಜ್ ಆಸ್ಪತ್ರೆಗೆ ಹೋಗುವುದು ತಲೆಮಾರಿನಿಂದ ನಡೆದುಬಂದಿದೆ. ಹೆರಿಗೆ ಆದ ಕೂಡಲೇ ಆಸ್ಪತ್ರೆಯವರು ‘ಹೆಣ್ಣು’ ಅಂತ ಬರೆದು ಕಳಿಸುತ್ತಾರೆ. ನಾವು ತೊಟ್ಟಿಲಿಗೆ ಹಾಕಿ ಹೆಸರಿಡುವ ಹೊತ್ತಿಗೆ ಅಲ್ಲಿ ನೋಂದಣಿ ಮುಗಿದಿರುತ್ತದೆ. ಆಮೇಲೆ ಯಾರು ಮಿರಜ್‌ಗೆ ಹೋಗಿ ಹೆಸರು ಸೇರಿಸುತ್ತಾರೆ? ಜನನ ನೋಂದಣಿ ಹುಟ್ಟಿದ ಜಾಗದಲ್ಲೇ ಆಗುವುದು. ಹಾಗಾಗಿ ಜಮಖಂಡಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಾಂಗ್ಲಿ-ಮಿರಜ್-ಕುಪವಾಡ ಮಹಾನಗರ ಪಾಲಿಕೆಯಲ್ಲಿ ಕೇಳಬೇಕು. ನೋಂದಣಿ ಆದ 15 ವರ್ಷದೊಳಗೆ ಹೆಸರು ಸೇರಿಸಬಹುದು ಅಂತ ನಿಯಮ. ದಾಟಿದವರಿಗೂ ಆಗಾಗ ಗಡುವು ಕೊಟ್ಟದ್ದುಂಟು. ನಿಮ್ಮ ಅಣ್ಣ ಹೋದಾಗ ಮೊದಲು ಅದನ್ನೇ ಕೇಳಲಿ.

ಇನ್ನೊಂದು ನೋಡು. ನಿನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ಅಂತ ಏನಿದೆ? ನಮ್ಮವರು ‘ಯಾವೂರು’ ಅಂತ ಕೇಳಿದರೆ ಅಪ್ಪನ ಊರು ಬರೆಸುತ್ತಾರೆ. ಅಲ್ಲಿ ಜಮಖಂಡಿ ಅಂತಿದ್ದು, ಪ್ರಮಾಣಪತ್ರದಲ್ಲಿ ಮಿರಜ್ ಅಂತಿದ್ದರೆ ಅದನ್ನೂ ಇದೇ ಸಲ ಸರಿ ಮಾಡಿಸಲು ಕೇಳು.

ಜಿಲ್ಲೆಯ ಹೆಸರಿಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡ. ನಿಮ್ಮ ಅಪ್ಪ ಅವ್ವನ ಹಳೆ ಕಾಗದಗಳಲ್ಲಿ ‘ಜಿಲ್ಲಾ ಬಿಜಾಪುರ’ ಅಂತಲೇ ಇರುತ್ತದೆ. ಬಾಗಲಕೋಟೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಬಿಜಾಪುರ ವಿಜಯಪುರ ಆಗಿದ್ದು 2014ರ ನವೆಂಬರ್ 1ಕ್ಕೆ. ಆಗ ಇದ್ದ ಹೆಸರು ಆಗಿನ ಕಾಗದದಲ್ಲಿದೆ, ಅದು ತಪ್ಪಲ್ಲ. ತಿದ್ದಿಸಿಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡ.

ನನ್ನದು ಬೀಳಗಿ ತಾಲೂಕಿನ ಊರು. ಆಲಮಟ್ಟಿ ಹಿನ್ನೀರಲ್ಲಿ ಮುಳುಗಿತು. ಈಗ ನಮ್ಮ ಮನೆ ಪುನರ್ವಸತಿ ಕೇಂದ್ರದಲ್ಲಿದೆ, ಸಾಲು ಮನೆಗಳು, ಅಗಲ ರಸ್ತೆ. ಹಳೆ ಊರಿನ ಅಗಸಿ, ಹೊಳೆಯ ದಾರಿ ಯಾವುದೂ ಇಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ಅನ್ನುವ ಕಡೆ ಆ ಊರಿನ ಹೆಸರೇ ಇದೆ. ಇಲ್ಲಿ ಇಷ್ಟು ವರ್ಷ ಇದ್ದರೂ ನಾನು ಭಾರತದ ಪಾಸ್‌ಪೋರ್ಟ್ ಬಿಟ್ಟಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಇದೂ ಒಂದು.

2006ರ ಜನವರಿಯಲ್ಲಿ ಕೊವೆಂಟ್ರಿಗೆ ಬಂದಾಗ ನನ್ನ ಸೂಟ್‌ಕೇಸಿನಲ್ಲಿ ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ತುಂಬಿದ್ದವು. ಬಟ್ಟೆಗಳ ಕೆಳಗೆ ಅಪ್ಪ ಒಂದು ರೆಕ್ಸಿನ್ ಚೀಲ ಇಟ್ಟಿದ್ದರು. ಅದರಲ್ಲಿ ನನ್ನ ಕನ್ನಡ ಶಾಲೆಯ ದಾಖಲಾತಿ ಪ್ರತಿ, ಟಿಸಿ, ರೇಷನ್ ಕಾರ್ಡಿನ ಝೆರಾಕ್ಸ್, ಜಾತಿ ಪ್ರಮಾಣಪತ್ರ, ಹೊಲದ ಉತಾರ (ಪಹಣಿ) ಕೂಡ. ಇಂಗ್ಲೆಂಡಿನಲ್ಲಿ ಉತಾರ ಯಾರಿಗೆ ತೋರಿಸಲಿ ಅಂತ ಅನ್ನಿಸಿತ್ತು. ಅಪ್ಪ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಊರು ಮುಳುಗುವಾಗ ಪರಿಹಾರಕ್ಕಾಗಿ ಅಲೆದು ಅಲೆದು, ಕಾಗದ ಇಲ್ಲದವನ ಮಾತು ಯಾವ ಕಚೇರಿಯಲ್ಲೂ ನಡೆಯುವುದಿಲ್ಲ ಅನ್ನುವುದನ್ನು ಚೆನ್ನಾಗಿ ಕಂಡುಕೊಂಡಿದ್ದರು.

ಈಗ ಆಧಾರ್ ವಿಷಯ.

ನನ್ನ ಮೊದಲ ಪಾಸ್‌ಪೋರ್ಟಿನ ಅರ್ಜಿ ತುಂಬಿದ್ದು ಒಬ್ಬ ಏಜೆಂಟ್. ಅಪ್ಪನ ಹೆಸರಿನ ಕೊನೆಯ ‘ಗೌಡ’ ಅವನು ಬಿಟ್ಟುಬಿಟ್ಟ. ಮದುವೆ, ವೀಸಾ, ಟಿಕೆಟ್ ಅನ್ನುವ ಗಡಿಬಿಡಿಯಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಹತ್ತು ವರ್ಷ ಏನೂ ಆಗಲಿಲ್ಲ. ಹೊಸದು ಮಾಡಿಸಲು ಅರ್ಜಿ ಹಾಕಿದಾಗ ಪೊಲೀಸ್ ವಿಚಾರಣೆ ಊರಿನ ವಿಳಾಸಕ್ಕೆ ಹೋಯಿತು. ಇಲ್ಲಿ ಅರ್ಜಿ ಕೊಟ್ಟರೂ ಹಾಗೆ ಹೋಗಬಹುದು, ಮನೆಯವರಿಗೆ ಮೊದಲೇ ಹೇಳಿಡು. ಬಂದವರು ಅಪ್ಪನ ಆಧಾರ್ ನೋಡಿದರು, ಅದರಲ್ಲಿ ಗೌಡ ಇದೆ. ನನ್ನ ಪಾಸ್‌ಪೋರ್ಟಿನಲ್ಲಿ ಇಲ್ಲ. ಹೆಸರು ಹೊಂದುವುದಿಲ್ಲ ಅಂತ ಬರೆದುಕೊಂಡು ಹೋದರು.

ಅಪ್ಪ ನನಗೆ ಒಂದು ಮಾತೂ ಹೇಳಲಿಲ್ಲ. ಮಗಳು ಪರದೇಶದಲ್ಲಿ ಪಾಸ್‌ಪೋರ್ಟ್ ಇಲ್ಲದೆ ಕೂತಿದ್ದಾಳೆ ಅಂತ ಅವರಿಗೆ ನಿದ್ದೆ ಬರಲಿಲ್ಲವಂತೆ. ಯಾರೋ ಸುಲಭದ ದಾರಿ ಹೇಳಿದರು: ಪಾಸ್‌ಪೋರ್ಟ್ ತಿದ್ದಿಸುವುದು ದೊಡ್ಡ ಕೆಲಸ, ಅದರ ಬದಲು ನಿಮ್ಮ ಆಧಾರ್‌ನಲ್ಲೇ ಗೌಡ ತೆಗೆಸಿಬಿಡಿ. ಮೇ ತಿಂಗಳ ಬಿಸಿಲಲ್ಲಿ ಬಸ್ ಹತ್ತಿ ಬೀಳಗಿಗೆ ಹೋದರು. ಗೆಜೆಟೆಡ್ ಅಧಿಕಾರಿಯ ಸಹಿ ಮಾಡಿಸಿದರು, ಆಧಾರ್ ಕೇಂದ್ರದಲ್ಲಿ ಪಾಳಿ ನಿಂತರು. ಕೆಲಸ ಮುಗಿದ ಮೇಲೆ ಫೋನಿನಲ್ಲಿ ‘ಎಲ್ಲಾ ಸರಿ ಆತವ್ವಾ, ನೀ ಚಿಂತಿ ಬಿಡು’ ಅಂದರು. ನನ್ನ ಪಾಸ್‌ಪೋರ್ಟ್ ಬಂತು. ಹೇಗೆ ಬಂತು ಅಂತ ಗೊತ್ತಾಗಿದ್ದು ಆಮೇಲೆ, ಅಣ್ಣನಿಂದ.

ಆಧಾರ್ ಬದಲಾದ ಮೇಲೆ ಬ್ಯಾಂಕ್ ಪಾಸ್‌ಬುಕ್ ಬದಲಾಯಿತು. ಪಿಂಚಣಿ ಬದಲಾಯಿತು. ಉತಾರ ಮಾತ್ರ ಹಾಗೇ ಉಳಿಯಿತು. ಅಪ್ಪ ತೀರಿಕೊಂಡಾಗ ಮರಣ ಪ್ರಮಾಣಪತ್ರ ಆಧಾರ್ ಪ್ರಕಾರ ಆಯಿತು. ಹಿನ್ನೀರಿನಿಂದ ಉಳಿದ ಹೊಲಕ್ಕೆ ವಾರಸಾ ಮಾಡಿಸಲು, ಅಂದರೆ ವಾರಸುದಾರರ ಹೆಸರಿಗೆ ಹಚ್ಚಿಸಲು, ಅಣ್ಣ ಹೋದಾಗ, ಉತಾರದಲ್ಲಿ ಇರುವವರೂ ತೀರಿಕೊಂಡವರೂ ಒಬ್ಬರೇ ಅಂತ ತೋರಿಸಿ ಅಂದರು. ಊರಿನ ಲೆಕ್ಕಪತ್ರ ನೋಡುವ ತಲಾಟಿ ಕೇಳಿದ್ದರಲ್ಲಿ ತಪ್ಪಿಲ್ಲ, ಕಾಗದದಲ್ಲಿ ಹೆಸರು ಎರಡು ಇದ್ದವು. ವಂಶಾವಳಿ, ಅಫಿಡವಿಟ್, ಗುರುತು ಹೇಳುವ ಹಿರಿಯರ ಸಹಿ, ಎಲ್ಲಾ ಬೇಕಾಯಿತು. ಹಳೆ ಊರು ಇದ್ದಿದ್ದರೆ ಕಟ್ಟೆಯ ಮೇಲೆ ಕೂತವರೇ ಸಾಕಾಗುತ್ತಿತ್ತು. ಊರು ಮುಳುಗಿದ ಮೇಲೆ ಜನ ಬೇರೆ ಬೇರೆ ಕಡೆ ಹಂಚಿಹೋಗಿದ್ದರು. ಅಪ್ಪನನ್ನು ಬಲ್ಲ ಹಿರಿಯರನ್ನು ಹುಡುಕಿಕೊಂಡು ಅಣ್ಣ ಬೈಕಿನಲ್ಲಿ ಎಷ್ಟು ತಿರುಗಿದನೋ.

ಕೊನೆಗೆ ವಾರಸಾ ಆಯಿತು. ಹೊಲ ಎಲ್ಲಿಗೂ ಹೋಗಲಿಲ್ಲ. ನನಗೆ ಇವತ್ತಿಗೂ ಸಹಿಸಲು ಆಗದ್ದು ಬೇರೆ. ಊರೆಲ್ಲ ಗೌಡ್ರು ಅಂತ ಕರೆದ ಮನುಷ್ಯ. ಅವರ ಮರಣ ಪ್ರಮಾಣಪತ್ರದಲ್ಲಿ ಆ ಹೆಸರು ಪೂರ್ತಿಯಾಗಿ ಇಲ್ಲ. ಮಗಳ ಪುಸ್ತಕಕ್ಕೆ ಸರಿಹೊಂದಲಿ ಅಂತ, ಎಪ್ಪತ್ತು ದಾಟಿದ ಮೇಲೆ, ತಮ್ಮ ಹೆಸರನ್ನೇ ಕಡಿಮೆ ಮಾಡಿಕೊಂಡು ಹೋದರು.

ಅದಕ್ಕೇ ಹೇಳುತ್ತಿದ್ದೇನೆ, ತಂಗಿ. ತಪ್ಪು ನಿನ್ನ ಪಾಸ್‌ಪೋರ್ಟಿನಲ್ಲಿದೆ, ಅಲ್ಲೇ ತಿದ್ದಿಸು. ತಡ ಆದರೆ ಆಗಲಿ. ನಿನಗೆ ಕಾಲ ಇದೆ. ನಿಮ್ಮ ಅಪ್ಪನ ಆಧಾರ್, ವೋಟರ್ ಕಾರ್ಡ್, ಅವರ ಹೆಸರು ಪೂರ್ತಿ ಇರುವ ನಿನ್ನ ಟಿಸಿ, ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್, ಇವುಗಳನ್ನು ಕೂಡಿಸು. ಎಲ್ಲದರಲ್ಲೂ ಇಂಗ್ಲಿಷ್ ಅಕ್ಷರಗಳು ಒಂದೇ ಥರ ಇವೆಯಾ ಅಂತ ಸಾಲಾಗಿ ಇಟ್ಟು ನೋಡು. ಅರ್ಜಿಯಲ್ಲಿ ತಂದೆಯ ಹೆಸರು ತಿದ್ದುಪಡಿ ಅಂತ ಸ್ಪಷ್ಟವಾಗಿ ಬರೆದು, ಕೇಳಿದ ಅಫಿಡವಿಟ್ ಕೊಡು. ಎರಡು ದಿನಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸಬೇಕಾ ಅಂತ ಕೇಳಿದ್ದೀಯಲ್ಲ, ಅದು ನಮ್ಮ ಸ್ವಂತ ಹೆಸರನ್ನೇ ಪೂರ್ತಿ ಬದಲಿಸುವಾಗಿನ ಮಾತು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ ಅನ್ನುವುದನ್ನೂ ನಿಮ್ಮ ಅಪ್ಪನಿಗೆ ಹೇಳು. ಅವರು ಒಂದನ್ನು ನಿನಗಾಗಿ ಕಳೆದು, ಇನ್ನೊಂದನ್ನು ವಾಪಸ್ ಬದಲಿಸಲು ಕಳೆಯುವುದು ಬೇಡ.

ಕೂಸಿನ ಮಾತು. ಇಂಗ್ಲೆಂಡಿನಲ್ಲಿ ಹುಟ್ಟಿದ 42 ದಿನದೊಳಗೆ ರಿಜಿಸ್ಟರ್ ಆಫೀಸಿನಲ್ಲಿ ನೋಂದಣಿ ಮಾಡಿಸಬೇಕು. ತಂದೆ ತಾಯಿಯ ಹೆಸರಿರುವ ಪೂರ್ಣ ಪ್ರಮಾಣಪತ್ರವನ್ನೇ ತೆಗೆದುಕೋ. ನೀವಿಬ್ಬರೂ ಕೆಲಸದ ವೀಸಾದ ಮೇಲೆ ಇದ್ದೀರಿ, ಹಾಗಾಗಿ ಇಲ್ಲಿ ಹುಟ್ಟಿದ ಮಾತ್ರಕ್ಕೆ ಕೂಸು ಬ್ರಿಟಿಷ್ ಪ್ರಜೆ ಆಗುವುದಿಲ್ಲ. ಭಾರತದ ಪ್ರಜೆಯೂ ತಾನಾಗಿ ಆಗುವುದಿಲ್ಲ. 2004ರ ಡಿಸೆಂಬರ್ 3 ಮತ್ತು ಆಮೇಲೆ ಹೊರದೇಶದಲ್ಲಿ ಹುಟ್ಟಿದ ಮಕ್ಕಳ ಜನನವನ್ನು ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು, ಕೂಸಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ನೀವಿಬ್ಬರೂ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಬಾಣಂತನದಲ್ಲಿ ದಿನ ಹೋದದ್ದೇ ತಿಳಿಯುವುದಿಲ್ಲ, ಇದನ್ನು ನಿನ್ನ ಗಂಡನಿಗೆ ವಹಿಸಿಬಿಡು.

ಹೆಸರು ಮಾತ್ರ ಹೆರಿಗೆಗೆ ಮುಂಚೆಯೇ ಕೂತು ಬರೆದಿಟ್ಟುಕೊಳ್ಳಿ. ಹೆಣ್ಣಾದರೆ ಇದು, ಗಂಡಾದರೆ ಇದು. ನಮ್ಮ ಕಡೆಯಂತೆ ನಡುವೆ ಅಪ್ಪನ ಹೆಸರು ಬರಬೇಕಾ, ಅಡ್ಡಹೆಸರಿನ ಸ್ಪೆಲ್ಲಿಂಗ್ ಯಾವುದು, ಎಲ್ಲಾ. ತೊಟ್ಟಿಲ ಕಾರ್ಯ ಆಮೇಲೆ ಊರಲ್ಲಿ ಧಾಂ ಧೂಂ ಅಂತ ಮಾಡಿ, ಸೋದರತ್ತೆ ಬಂದು ಕಿವಿಯಲ್ಲಿ ಹೆಸರು ಹೇಳಲಿ. ಆದರೆ ರಿಜಿಸ್ಟ್ರಾರ್ ಮುಂದೆ ಕೂತಾಗ ನಿಮ್ಮಿಬ್ಬರ ಪಾಸ್‌ಪೋರ್ಟ್ ಮೇಜಿನ ಮೇಲೆ ಇರಬೇಕು. ಅವರು ಟೈಪ್ ಮಾಡಿದ್ದನ್ನು ಸಹಿ ಹಾಕುವ ಮುಂಚೆ ಒಂದೊಂದೇ ಅಕ್ಷರ ಓದಿ ನೋಡು. ಆಮೇಲೆ ತಿದ್ದಿಸುವುದು ಇಲ್ಲೂ ಸುಲಭವಲ್ಲ.

ಊರಿಗೆ ಹೋಗಬೇಕಾ ಅಂತ ಕೇಳಿದ್ದೀಯ. ಈ ಕೆಲಸಕ್ಕಾಗಿ ಈ ಹೊಟ್ಟೆ ಹೊತ್ತು ಹೋಗಬೇಡ. ಮಿರಜ್‌ನ ಕೆಲಸಕ್ಕೆ ಅಣ್ಣನ ಹೆಸರಿಗೆ ಒಂದು ಒಪ್ಪಿಗೆ ಪತ್ರ ಬರೆದು, ನಿನ್ನ ಪಾಸ್‌ಪೋರ್ಟಿನ ಪ್ರತಿಯ ಜೊತೆ ಕಳಿಸು. ಇದಕ್ಕೆ ಪವರ್ ಆಫ್ ಅಟಾರ್ನಿವರೆಗೆ ಹೋಗುವ ಮುಂಚೆ ಇದು ನಡೆಯುತ್ತದಾ ನೋಡಿ. ಅಪ್ಪನನ್ನು ಅಲೆದಾಡಿಸಬೇಡ. ನಾನೇ ಹೋಗುತ್ತೇನೆ ಅಂತ ಹಟ ಮಾಡುತ್ತಾರೆ, ಗೊತ್ತು. ಅವರಿಗೆ ಬೇರೆ ಕೆಲಸ ಕೊಡು. ಮನೆಯ ಟ್ರಂಕಿನಲ್ಲಿರುವ ಕಾಗದಗಳನ್ನೆಲ್ಲ ತೆಗೆದು, ಯಾವುದು ಏನು ಅಂತ ಒಂದೊಂದಾಗಿ ವಿಡಿಯೋ ಕಾಲ್‌ನಲ್ಲಿ ಹೇಳಲಿ, ನೀನು ಬರೆದುಕೋ. ಅವರಿಗೆ ನೆನಪಿರುವಷ್ಟು ನಿನ್ನ ಅಣ್ಣನಿಗೆ ಇರುವುದಿಲ್ಲ.

ಮಿರಜ್‌ನಿಂದ ಪ್ರತಿ ಬಂದ ಮೇಲೆ ಫೋಟೋ ತೆಗೆದು ನನಗೂ ಕಳಿಸು. ನಮ್ಮ ಅತ್ತೆ ನಿಪ್ಪಾಣಿಯವರು, ಮರಾಠಿ ಶಾಲೆಯಲ್ಲಿ ಕಲಿತವರು. ಅಕ್ಷರ ಅಕ್ಷರ ಓದಿ, ನಿಮ್ಮ ಅಪ್ಪ ಅವ್ವನ ಹೆಸರು ಸರಿಯಾಗಿದೆಯಾ ಅಂತ ಹೇಳುತ್ತಾರೆ.