ಸಂತ ಲಾರೆನ್ಸರ ಕೈಯಲ್ಲಿರುವ ಕಬ್ಬಿಣದ ಚೌಕಟ್ಟು

ಪ್ರಶ್ನೆ: ಸಂತ ಲಾರೆನ್ಸರ ಚಿತ್ರಗಳಲ್ಲಿ ಅವರ ಕೈಯಲ್ಲಿ ಕಬ್ಬಿಣದ ಸರಳುಗಳ ಚೌಕಟ್ಟು ಇರುತ್ತದೆ. ಅದರ ಮೇಲೆ ಮಲಗಿಸಿ ಅವರನ್ನು ಸುಟ್ಟರಂತೆ. ಇದು ನಿಜವೇ? ಕಟ್ಟುಕತೆಯಾದರೆ ಕಾರ್ಕಳದ ಬಳಿಯ ಅತ್ತೂರಿನ ಸಂತ ಲಾರೆನ್ಸರ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚುವ ನಮ್ಮ ಹರಕೆಗೆ ಏನರ್ಥ?
— ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ಬಹುಶಃ ಸುಟ್ಟಿರಲಾರರು. ಮೂವತ್ತು ವರ್ಷ ಇತಿಹಾಸ ಕಲಿಸಿದವಳಾಗಿ ಇದನ್ನು ಮುಚ್ಚಿಡಲಾರೆ. ಕ್ರೈಸ್ತರ ಬಿಷಪರು, ಪಾದ್ರಿಗಳು, ಡೀಕನರು (ಪಾದ್ರಿಗಳಿಗಿಂತ ಕೆಳಗಿನ ದರ್ಜೆಯ ಧರ್ಮಸೇವಕರು) ಸಿಕ್ಕಿದೊಡನೆ ಅವರನ್ನು ಕೊಲ್ಲಬೇಕೆಂದು ರೋಮ್ ಚಕ್ರವರ್ತಿ ವಲೇರಿಯನ್ 258ರಲ್ಲಿ ಆಜ್ಞೆ ಹೊರಡಿಸಿದ್ದ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ಟಸ್ ಸ್ಮಶಾನದಲ್ಲೇ ಹತರಾದರು. ಕಾರ್ತೇಜಿನ ಬಿಷಪ್ ಸಿಪ್ರಿಯನ್ ಆ ದಿನಗಳಲ್ಲೇ ಬರೆದ ಪತ್ರದಲ್ಲಿ ಈ ಸುದ್ದಿ ಇದೆ. ಮರು ತಿಂಗಳು ಸಿಪ್ರಿಯನರ ತಲೆಯೂ ಉರುಳಿತು. ಸಿಕ್ಸ್ಟಸರ ಡೀಕನರಾಗಿದ್ದ ಲಾರೆನ್ಸರು ಸತ್ತದ್ದು ಆಗಸ್ಟ್ 10ರಂದು. ಇಷ್ಟು ಅವಸರದ ಆಜ್ಞೆಯಲ್ಲಿ ನಿಧಾನವಾಗಿ ಸುಡುವುದಕ್ಕೆ ಜಾಗವಿಲ್ಲ. ಅವರ ಶಿರಚ್ಛೇದವೇ ಆಗಿರಬೇಕು ಎನ್ನುತ್ತಾರೆ ಹಲವು ವಿದ್ವಾಂಸರು. ಲ್ಯಾಟಿನ್‌ನಲ್ಲಿ ‘ಪಾಸ್ಸುಸ್’ ಎಂದರೆ ಯಾತನೆಪಟ್ಟವನು. ಮೊದಲ ಅಕ್ಷರ ಬಿಟ್ಟುಹೋದರೆ ‘ಆಸ್ಸುಸ್’, ಅಂದರೆ ಸುಡಲ್ಪಟ್ಟವನು. ನಕಲುಗಾರನ ಕೈತಪ್ಪಿನಿಂದ ಕತೆ ಹುಟ್ಟಿರಬಹುದೆಂಬ ಊಹೆಯೂ ಇದೆ.

ಆದರೆ ಲಾರೆನ್ಸರು ರಕ್ತಸಾಕ್ಷಿ, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರು, ಎಂಬುದರಲ್ಲಿ ಅನುಮಾನ ಬೇಡ. 354ರ ರೋಮಿನ ರಕ್ತಸಾಕ್ಷಿಗಳ ಪಟ್ಟಿಯೊಂದರಲ್ಲಿ ಅವರ ಹೆಸರು, ದಿನ, ಸಮಾಧಿ ಇರುವ ತಿಬುರ್ತೀನಾ ರಸ್ತೆ ಎಲ್ಲವೂ ನಮೂದಾಗಿವೆ. ಆ ಸಮಾಧಿಯ ಮೇಲಿನ ದೇವಾಲಯ 1943ರ ಜುಲೈ 19ರ ಬಾಂಬ್ ದಾಳಿಯಲ್ಲಿ ಭಾರೀ ಹಾನಿಗೊಳಗಾಯಿತು. ಆಮೇಲೆ ಅದನ್ನು ಮತ್ತೆ ಕಟ್ಟಲಾಯಿತು.

ನನ್ನ ಮನಸ್ಸು ನಿಲ್ಲುವುದು ಬೇರೊಂದು ಪ್ರಸಂಗದಲ್ಲಿ. ಮಿಲಾನಿನ ಬಿಷಪ್ ಆಂಬ್ರೋಸರು ನೂರು ವರ್ಷಕ್ಕೂ ಮಿಕ್ಕಿ ತಡವಾಗಿ ಬರೆದಿಟ್ಟದ್ದು ಅದು. ಲಾರೆನ್ಸರ ಹೊಣೆ ಧರ್ಮಸಭೆಯ ಹಣ ಮತ್ತು ಬಡವರ ಪಾಲನೆ. ಅಧಿಕಾರಿಗಳು ಭಂಡಾರವನ್ನು ಒಪ್ಪಿಸೆಂದರು. ಆಗಲಿ ಎಂದ ಲಾರೆನ್ಸರು ಮರುದಿನ ಬಡವರನ್ನು ಕರೆತಂದು ನಿಲ್ಲಿಸಿದರು: ಇವರೇ ಧರ್ಮಸಭೆಯ ಭಂಡಾರ. ಬಂಗಾರದ ಪಾತ್ರೆ ಕೇಳಿದವರ ಮುಂದೆ ಹಸಿದ ಹೊಟ್ಟೆಗಳ ಸಾಲು! ಪ್ರಾಣ ಹೋಗುವುದೆಂದು ಗೊತ್ತಿದ್ದೂ ಅವರು ಕೊಟ್ಟ ಲೆಕ್ಕ ಅದು.

ನಮ್ಮದು ಕಾರ್ಕಳದ ಹಿಂದೂ ಮನೆ. ನನ್ನ ಅಜ್ಜಿ ಪ್ರತಿ ಜನವರಿಯಲ್ಲೂ ಅತ್ತೂರು ಚರ್ಚಿನ ಜಾತ್ರೆಯಾದ ಸಾಂತ್‌ಮಾರಿಗೆ ನನ್ನ ಕೈಹಿಡಿದು ನಡೆಸಿಕೊಂಡು ಹೋಗುತ್ತಿದ್ದರು. ನನಗೆ ಮೇಣದಬತ್ತಿಯ ಆಸೆ. ಅಜ್ಜಿ ಮಾತ್ರ ಮೊದಲು ರಸ್ತೆಯ ಬದಿಯಲ್ಲಿ ಭಿಕ್ಷೆಗೆ ಕುಳಿತವರ ಬಳಿ ನಿಲ್ಲುತ್ತಿದ್ದರು. ಸೆರಗಿನ ಗಂಟು ಬಿಚ್ಚಿ ಒಬ್ಬೊಬ್ಬರಿಗೂ ಬಗ್ಗಿ ಕಾಸು ಹಾಕುತ್ತಿದ್ದರು. ಎಸೆದದ್ದನ್ನು ನಾನು ನೋಡಿಲ್ಲ. “ಮೊದಲು ಇವರು, ಆಮೇಲೆ ಬತ್ತಿ” ಎನ್ನುತ್ತಿದ್ದರು. ಅಜ್ಜಿಗೆ ಓದು ಬರುತ್ತಿರಲಿಲ್ಲ, ಆಂಬ್ರೋಸರ ಹೆಸರನ್ನೂ ಕೇಳಿರಲಿಲ್ಲ. ಕಾಲೇಜಿನಲ್ಲಿ ಆ ಪ್ರಸಂಗವನ್ನು ಓದಿದ ದಿನ ನನಗೆ ಅಜ್ಜಿ ನೆನಪಾಗಿ ಕಣ್ಣು ತುಂಬಿತು.

ನಿಮ್ಮ ಹರಕೆಯನ್ನು ಬಿಡಬೇಡಿ. ಚೌಕಟ್ಟನ್ನು ಅವರ ಗುರುತೆಂದು ನೋಡಿ, ಪುರಾವೆಯೆಂದಲ್ಲ. ಸಂತರು ತೀರಿಕೊಂಡ ದಿನ ಆಗಸ್ಟ್ 10. ನಮ್ಮಲ್ಲಿ ಅದು ಜಡಿಮಳೆಯ ಕಾಲ, ಜಾತ್ರೆಯ ಗದ್ದಲ ಇರುವುದಿಲ್ಲ. ನಾನು ಕೊಡೆ ಹಿಡಿದು ಅಂದೂ ಹೋಗುತ್ತೇನೆ, ಕೈಯಲ್ಲಿ ಚಿಲ್ಲರೆ ಇಟ್ಟುಕೊಂಡೇ.