ನನ್ನ ಸಕ್ಕರೆಯಿಂದ ಮಗುವಿನ ಜೀನ್ ಕೆಡುತ್ತದಾ?

ಪ್ರಶ್ನೆ: ಡಾಕ್ಟ್ರೇ, ನನಗೀಗ ಏಳನೇ ತಿಂಗಳು. ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ ಸಕ್ಕರೆ 158 ಬಂತು. ಸಕ್ಕರೆ ಜಾಸ್ತಿಯಾದರೆ ಮಾಸಿನ ಜೀನ್‌ಗಳು ಬದಲಾಗುತ್ತವೆ ಎಂದು ಓದಿದೆ. ಮಗುವಿಗೆ ತೊಂದರೆಯೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮೊದಲು ಭಯ ಬಿಡಿ ತಾಯಿ. ಜೀನ್ ಕೆಡುವುದಿಲ್ಲ, ಅದರ ಬರಹ ಹಾಗೇ ಇರುತ್ತದೆ. ಬದಲಾಗುವುದು ಅದರ ಮೇಲೆ ಅಂಟುವ ಮೀಥೈಲ್ ಎಂಬ ಸಣ್ಣ ಗುರುತುಗಳು. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಎನ್ನುವುದು ಇವುಗಳ ಮೇಲೂ ನಿಂತಿದೆ, ದೀಪದ ರೆಗ್ಯುಲೇಟರ್ ಇದ್ದಂತೆ. ಹಸಿವು, ತೂಕಕ್ಕೆ ಸಂಬಂಧಿಸಿದ ಲೆಪ್ಟಿನ್ ಜೀನ್ ಮೇಲಿನ ಗುರುತುಗಳಿಗೂ ತಾಯಿಯ ಸಕ್ಕರೆಗೂ ನಂಟಿದೆ ಎಂದು ಕೆನಡಾದ ಸಂಶೋಧಕರು 2010ರಲ್ಲಿ ಮಾಸನ್ನೇ ಪರೀಕ್ಷಿಸಿ ತೋರಿಸಿದರು. ನಂಟು ಅಂದರೆ ಹಣೆಬರಹ ಅಲ್ಲ, ಅಲ್ವಾ?

ನೇರ ಪರಿಣಾಮ ಬೇರೆಯೇ ಇದೆ. ನಿಮ್ಮ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ನಿಮ್ಮ ಇನ್ಸುಲಿನ್ ಹೆಚ್ಚುಕಮ್ಮಿ ಹೋಗುವುದೇ ಇಲ್ಲ. ಆಗ ಮಗು ತಾನೇ ಜಾಸ್ತಿ ಇನ್ಸುಲಿನ್ ಮಾಡಿಕೊಂಡು ದಪ್ಪವಾಗುತ್ತದೆ. ಮೈಸೂರಿನಲ್ಲಿ 1990ರ ದಶಕದ ಕೊನೆಯಲ್ಲಿ ಶುರುವಾದ ಅಧ್ಯಯನದಲ್ಲೂ ಇಂಥ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕೊಬ್ಬು ಹೆಚ್ಚಿತ್ತು.

158 ಅಂದರೆ 140ರ ಗಡಿ ದಾಟಿದೆ, ನಿಜ. ಆದರೆ ಹೆಚ್ಚಿನವರಿಗೆ ಊಟ, ನಡಿಗೆಯಲ್ಲೇ ಹಿಡಿತಕ್ಕೆ ಬರುತ್ತದೆ. ರಾಗಿ ಒಳ್ಳೇದು ಅಂತ ಎರಡು ಮುದ್ದೆ ನುಂಗಬೇಡಿ, ಅದೂ ಸಕ್ಕರೆ ಏರಿಸುತ್ತದೆ! ಅರ್ಧ ಮುದ್ದೆ, ಜೊತೆಗೆ ಸೊಪ್ಪು, ಕಾಳು ಸಾಕು. ಇನ್ಸುಲಿನ್ ಬರೆದುಕೊಟ್ಟರೆ ಹೆದರದೆ ತೆಗೆದುಕೊಳ್ಳಿ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಸಕ್ಕರೆ ಪರೀಕ್ಷೆ ಮಾಡಿಸಿ. ಬಾಣಂತನದ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಇದನ್ನೇ.